ಎಸ್ಟ್ರೋಜನ್ ಕೊಟ್ರೆ ಜೀನ್‌ಗಳು ಆನ್ ಆಗ್ಬೇಕಲ್ವಾ? ನನ್ನ ಪಟ್ಟಿಯಲ್ಲಿ ಇಳಿದಿರೋದೇ ಜಾಸ್ತಿ!

ಮೂರನೇಬೆಂಚು:
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಸ್ತನ ಕ್ಯಾನ್ಸರ್ ಕೋಶಗಳ ಡೇಟಾ ಒಂದನ್ನ ಇಟ್ಕೊಂಡು ಕೂತಿದ್ದೀನಿ. ಎಂಸಿಎಫ್-7 ಕೋಶಗಳು, 10 ನ್ಯಾನೋಮೋಲಾರ್ ಎಸ್ಟ್ರಡಯೋಲ್ (ಎಸ್ಟ್ರೋಜನ್‌ನ ಒಂದು ಬಗೆ), 24 ಗಂಟೆ, ಆಮೇಲೆ ಯಾವ ಜೀನ್ ಎಷ್ಟು ಕೆಲಸ ಮಾಡ್ತಿದೆ ಅಂತ ಅಳೆಯೋ ಆರ್‌ಎನ್‌ಎ ಸೀಕ್ವೆನ್ಸಿಂಗ್. ಪ್ರಯೋಗ ಮಾಡಿದ್ದು ಸೀನಿಯರ್, ಲೆಕ್ಕ ಹಾಕೋದು ನನ್ನ ಪಾಲಿಗೆ ಬಂದಿದೆ.

ನಾನು ಓದಿರೋದು ಇಷ್ಟು: ಎಸ್ಟ್ರೋಜನ್ ಕೋಶದೊಳಗೆ ಹೋಗುತ್ತೆ, ಎಸ್ಟ್ರೋಜನ್ ರಿಸೆಪ್ಟರ್‌ಗೆ (ಇಆರ್) ಅಂಟುತ್ತೆ, ಎರಡು ಇಆರ್ ಜೋಡಿಯಾಗಿ ಡಿಎನ್‌ಎ ಮೇಲೆ ಕೂರುತ್ತೆ, ಜೀನ್ ಆನ್. ಬೀಗಕ್ಕೆ ಕೀಲಿ ಹಾಕಿ ತಿರುಗಿಸಿದ ಹಾಗೆ. ಆದ್ರೆ ಪಟ್ಟಿಯಲ್ಲಿ ಏರಿದ ಜೀನ್‌ಗಳಿಗಿಂತ ಇಳಿದವೇ ಹೆಚ್ಚು. ಎಸ್ಟ್ರೋಜನ್‌ಗೆ ಏರೋ ಜೀನ್‌ಗಳು ಅಂತ ಮೊದಲೇ ಗೊತ್ತಿರೋ ಟಿಎಫ್‌ಎಫ್1, ಗ್ರೆಬ್1, ಪಿಜಿಆರ್ ಎಲ್ಲ ಚೆನ್ನಾಗಿ ಏರಿವೆ. ಗೈಡ್ ಕೇಳಿದ್ರೆ "ಸ್ಯಾಂಪಲ್ ಲೇಬಲ್ ಅದಲುಬದಲು ಆಗಿದ್ಯಾ ನೋಡು" ಅಂದ್ರು. ಹಾಗಾಗಿದ್ರೆ ಟಿಎಫ್‌ಎಫ್1 ಕೂಡ ಇಳೀಬೇಕಿತ್ತಲ್ವಾ? ಯಾರಾದ್ರೂ ಬಿಡಿಸಿ ಹೇಳಿ.

ಹರಟೆಮಲ್ಲ:
ಲೇಬಲ್ ಅದಲುಬದಲು ಅಂತ್ಲೇ ಬರೆದು ಡಿಗ್ರಿ ತಗೊಂಡು ಹೊರಡಪ್ಪ. ಪ್ರಶ್ನೆ ಕೇಳೋರಿಗೆ ಪಿಎಚ್‌ಡಿ ಕೊಟ್ಟು ಸಾಯಿಸ್ತಾರೆ.

ದತ್ತಾಂಶದಾಸ:
ಲೇಬಲ್ ಸರಿಯಾಗೇ ಇದೆ, ನಿನ್ನ ತರ್ಕವೂ ಸರಿಯಾಗಿದೆ. ಟಿಎಫ್‌ಎಫ್1 ಏರಿದ ಮೇಲೆ ಹಾರ್ಮೋನ್ ಹಾಕಿದ ತಟ್ಟೆ ಯಾವುದು ಅನ್ನೋದ್ರಲ್ಲಿ ಅನುಮಾನ ಬೇಡ.

ಇದೇನೂ ಹೊಸ ವಿಷಯ ಅಲ್ಲ. 2003ರಲ್ಲೇ ಮೈಕ್ರೋಅರೇ (ಸಾವಿರಾರು ಜೀನ್ ಒಟ್ಟಿಗೆ ಅಳೆಯೋ ಚಿಪ್) ಇಟ್ಟು ಇದೇ ಎಂಸಿಎಫ್-7ನಲ್ಲಿ 12,000ಕ್ಕೂ ಹೆಚ್ಚು ಜೀನ್ ನೋಡಿದ್ರು. ಎಸ್ಟ್ರಡಯೋಲ್‌ಗೆ ಗಟ್ಟಿಯಾಗಿ ಸ್ಪಂದಿಸಿದ್ದು ನಾನೂರು ಚಿಲ್ಲರೆ, ಅದರಲ್ಲಿ ಸುಮಾರು 70% ಇಳಿದವು. ಏರಿದ ಗುಂಪಿನಲ್ಲಿ ಕೋಶ ವಿಭಜನೆಗೆ ಬೇಕಾದವು ಜಾಸ್ತಿ, ಇಳಿದ ಗುಂಪಿನಲ್ಲಿ ವಿಭಜನೆಗೆ ಲಗಾಮು ಹಾಕೋವು, ಕೋಶ ಸಾಯೋಕೆ ದಾರಿ ಮಾಡೋವು ಜಾಸ್ತಿ. ಬೆಳೀಬೇಕು ಅಂದ್ರೆ ಬೆಳೆಸೋ ಜೀನ್ ಏರಿಸಿದ್ರೆ ಸಾಕಾಗಲ್ಲ, ತಡೆಯೋ ಜೀನ್ ಇಳಿಸ್ಲೂಬೇಕು.

ಕಿಣ್ವಪ್ರಿಯೆ:
ದಾಸರು ಹೇಳಿದ್ದಕ್ಕೆ ನನ್ನದೂ ಒಂದಿಷ್ಟು. ಮೊದಲು ಆ ಬೀಗ-ಕೀಲಿ ಚಿತ್ರ ಬಿಟ್ಟುಬಿಡಿ. ಹಾರ್ಮೋನ್ ಯಾವ ಜೀನನ್ನೂ ಮುಟ್ಟಲ್ಲ. ಅದು ಮಾಡೋದು ರಿಸೆಪ್ಟರಿನ ಆಕಾರ ಬದಲಿಸೋ ಕೆಲಸ ಮಾತ್ರ.

ಇಆರ್ ಆಲ್ಫಾ, ನಾವು ಇಲ್ಲಿ ಇಆರ್ ಅಂತಿರೋದು ಇದನ್ನೇ, ಅಂದ್ರೆ 595 ಅಮೈನೋ ಆಮ್ಲಗಳ ಪ್ರೋಟೀನ್. ಮುಂಭಾಗದಲ್ಲಿ ಜೀನ್ ಏರಿಸೋಕೆ ನೆರವಾಗೋ ಎಎಫ್-1 ಅನ್ನೋ ಭಾಗ, ನಡುವೆ ಡಿಎನ್‌ಎ ಹಿಡಿಯೋ ಎರಡು ಜಿಂಕ್ ಫಿಂಗರ್, ಹಿಂಭಾಗದಲ್ಲಿ ಹಾರ್ಮೋನ್ ಕೂರೋ ಗುಳಿ. ಗುಳಿಯ ಬಾಯಲ್ಲಿ 12ನೇ ಹೆಲಿಕ್ಸ್ ಅನ್ನೋ ಪುಟ್ಟ ತುಂಡು ಇದೆ, ಎಲ್ಲ ಆಟ ಅದರದ್ದೇ. ಎಸ್ಟ್ರಡಯೋಲ್ ಒಳಗೆ ಕೂತಾಗ ಈ ಹೆಲಿಕ್ಸ್ ಗುಳಿಯ ಮೇಲೆ ಬಂದು ಮುಚ್ಚುತ್ತೆ. ಮುಚ್ಚಿದ ಕೂಡಲೇ ಪಕ್ಕದಲ್ಲಿ ಒಂದು ಸಣ್ಣ ತೋಡು ರೂಪುಗೊಳ್ಳುತ್ತೆ, ಎಸ್‌ಆರ್‌ಸಿ-3 ಥರದ ಕೋಆಕ್ಟಿವೇಟರ್‌ಗಳು (ಜೀನ್ ಏರಿಸೋಕೆ ನೆರವಾಗೋ ಪ್ರೋಟೀನ್‌ಗಳು) ಬಂದು ಅಲ್ಲಿ ಹಿಡಿದುಕೊಳ್ಳುತ್ತವೆ. ಅವುಗಳ ಹಿಂದೆ ಪಿ300 ಅನ್ನೋ ಕಿಣ್ವ ಬರುತ್ತೆ, ಡಿಎನ್‌ಎ ಸುತ್ತಿಕೊಂಡಿರೋ ಹಿಸ್ಟೋನ್‌ಗಳಿಗೆ ಅಸಿಟೈಲ್ ಹಚ್ಚುತ್ತೆ, ಕೊನೆಗೆ ಆರ್‌ಎನ್‌ಎ ಪಾಲಿಮರೇಸ್ ಕೆಲಸ ಶುರು ಮಾಡುತ್ತೆ.

ಎಸ್ಟ್ರೋಜನ್ ಬದಲು ಟಾಮಾಕ್ಸಿಫೆನ್ (ಸ್ತನ ಕ್ಯಾನ್ಸರಿನ ಔಷಧಿ) ಕೂತ್ರೆ ಏನಾಗುತ್ತೆ ನೋಡಿ. ಅದಕ್ಕೊಂದು ಉದ್ದನೆಯ ಕವಲು ಇದೆ, ಗುಳಿಯಿಂದ ಹೊರಗೆ ಚಾಚುತ್ತೆ. 12ನೇ ಹೆಲಿಕ್ಸ್‌ಗೆ ಮುಚ್ಚೋಕೆ ಆಗಲ್ಲ, ಜಾರಿ ಹೋಗಿ ಕೋಆಕ್ಟಿವೇಟರ್ ಕೂರಬೇಕಾದ ತೋಡಿನಲ್ಲಿ ತಾನೇ ಕೂತುಬಿಡುತ್ತೆ. 1998ರಲ್ಲಿ ಸ್ಫಟಿಕ ರಚನೆ ತೆಗೆದಾಗ ಇದು ಕಣ್ಣಿಗೆ ಕಾಣೋ ಹಾಗೆ ಸಿಕ್ಕಿತು. ಎಸ್ಟ್ರಡಯೋಲ್ ರಚನೆ ಪಕ್ಕದಲ್ಲಿಟ್ಟು ಒಂದ್ಸಲ ತಿರುಗಿಸಿ ನೋಡಿ, ನಾಲ್ಕು ಪುಟ ಓದೋದು ತಪ್ಪುತ್ತೆ.

ಮೂರನೇಬೆಂಚು:
ಸರಿ ಮೇಡಂ, ಆದ್ರೂ ಡಿಎನ್‌ಎಯಲ್ಲಿ ಎಲ್ಲಿ ಕೂರ್ಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ? ಇಆರ್‌ಇ (ಇಆರ್ ಗುರುತು ಹಿಡಿಯೋ ಡಿಎನ್‌ಎ ಅಕ್ಷರಗಳ ಸಾಲು) ಅನುಕ್ರಮ ಇರೋ ಕಡೆಯೆಲ್ಲ ಕೂರುತ್ತಾ?

ಕಿಣ್ವಪ್ರಿಯೆ:
ಇಲ್ಲ. ಇಆರ್‌ಇ ಅಂದ್ರೆ ಜಿಜಿಟಿಸಿಎ, ಮಧ್ಯೆ ಯಾವುದಾದ್ರೂ ಮೂರು ಅಕ್ಷರ, ಆಮೇಲೆ ಟಿಜಿಎಸಿಸಿ. ಇದು ಮೊದಲು ಸಿಕ್ಕಿದ್ದು ಕಪ್ಪೆಯ ಮೊಟ್ಟೆಯ ಹಳದಿ ಭಾಗಕ್ಕೆ ಬೇಕಾದ ವಿಟೆಲೊಜೆನಿನ್ ಜೀನಿನ ಪಕ್ಕದಲ್ಲಿ! ಇಂಥ ಅನುಕ್ರಮ ಮನುಷ್ಯರ ಜೀನೋಮಿನಲ್ಲಿ ಬೇಕಾದಷ್ಟು ಕಡೆ ಬಿದ್ದಿದೆ. ಅದರಲ್ಲಿ ಸಣ್ಣ ಭಾಗದಲ್ಲಷ್ಟೇ ಇಆರ್ ಕೂರುತ್ತೆ. 2006ರಲ್ಲಿ ಎಂಸಿಎಫ್-7ನ ಇಡೀ ಜೀನೋಮ್ ನಕ್ಷೆ ಬಂತು: 3,665 ಜಾಗ. ಜೀನ್ ಶುರುವಾಗೋ ಬಿಂದುವಿನ ಹತ್ತಿರ, ಒಂದು ಕಿಲೋಬೇಸ್ ಒಳಗೆ, ಇದ್ದದ್ದು ನೂರಕ್ಕೆ 4. ಮಿಕ್ಕಿದ್ದೆಲ್ಲ ದೂರದೂರದ ಎನ್‌ಹಾನ್ಸರ್‌ಗಳು, ಅಂದ್ರೆ ದೂರದಿಂದಲೇ ಜೀನನ್ನ ಏರಿಸೋ ಡಿಎನ್‌ಎ ತುಂಡುಗಳು. ಪಠ್ಯದಲ್ಲಿ ಜೀನಿನ ಬಾಗಿಲಲ್ಲೇ ಇಆರ್ ಕೂತಿರೋ ಚಿತ್ರ ಇನ್ನೂ ಬರೀತಾರೆ, ಯಾಕೋ.

ದೂರದಲ್ಲಿ ಕೂತು ಕೆಲಸ ಮಾಡೋದು ಹೇಗೆ ಅಂದ್ರೆ ಡಿಎನ್‌ಎ ಸುರುಳಿಯಾಗಿ ಬಾಗಿ ಎರಡು ಜಾಗ ಹತ್ತಿರ ಬರುತ್ತವೆ. 2009ರಲ್ಲಿ ಇದೇ ಕೋಶಸಾಲಿನಲ್ಲಿ ಆ ಸುರುಳಿಗಳನ್ನೂ ಗುರುತು ಹಾಕಿದ್ರು.

ಎಲ್ಲಿ ಕೂರ್ಬೇಕು ಅನ್ನೋದನ್ನ ಬಹುಪಾಲು ಫಾಕ್ಸ್‌ಎ1 ಮೊದಲೇ ತೀರ್ಮಾನ ಮಾಡಿರುತ್ತೆ. ಬಿಗಿಯಾಗಿ ಸುತ್ತಿರೋ ಕ್ರೊಮಾಟಿನ್ (ಡಿಎನ್‌ಎ ಮತ್ತು ಹಿಸ್ಟೋನ್‌ಗಳ ಉಂಡೆ) ಒಳಗೂ ನುಗ್ಗಿ ಸಡಿಲ ಮಾಡೋ ತಾಕತ್ತು ಇರೋ ಪ್ರೋಟೀನ್ ಅದು. ಜೊತೆಗೆ ಗಾಟಾ3 ಅನ್ನೋ ಇನ್ನೊಂದು ಪ್ರೋಟೀನ್. ಎಸ್ಟ್ರೋಜನ್ ಬರೋ ಮೊದಲೇ ಅಖಾಡ ಸಿದ್ಧ. ಫಾಕ್ಸ್‌ಎ1 ತೆಗೆದುಬಿಟ್ರೆ ಇಆರ್ ಕೂರೋ ಜಾಗಗಳಲ್ಲಿ ಬಹುತೇಕ ಖಾಲಿ, ಹಾರ್ಮೋನ್ ಎಷ್ಟು ಸುರಿದ್ರೂ ಅಷ್ಟೇ.

ಹರಟೆಮಲ್ಲ:
ಹಾಗಾದ್ರೆ ಫಾಕ್ಸ್‌ಎ1ಗೆ ಎಲ್ಲಿ ನುಗ್ಗಬೇಕು ಅಂತ ಹೇಳೋರು ಯಾರು? ಅದಕ್ಕೊಬ್ಬ, ಅವನಿಗೊಬ್ಬ... ಇದು ಮುಗಿಯೋ ಕಥೆಯಾ?

ಅನುಮಾನಾಸ್ಪದ:
ಮಲ್ಲಣ್ಣ ತಮಾಷೆಗೆ ಕೇಳಿದ್ದು ಸರಿಯಾದ ಪ್ರಶ್ನೆ. "ಫಾಕ್ಸ್‌ಎ1 ಮೊದಲು, ಇಆರ್ ಆಮೇಲೆ" ಅನ್ನೋದು ಅಷ್ಟು ಸಲೀಸಾಗಿ ಒಪ್ಪಿದ ಮಾತೇನಲ್ಲ. 2016ರಲ್ಲಿ ಇನ್ನೊಂದು ಗುಂಪು ಉಲ್ಟಾ ಹೇಳ್ತು: ಹಾರ್ಮೋನ್ ಕೊಟ್ಟ ಮೇಲೆ ಸ್ಟೀರಾಯ್ಡ್ ರಿಸೆಪ್ಟರ್‌ಗಳೇ ಕೆಲವು ಕಡೆ ಫಾಕ್ಸ್‌ಎ1ಗೆ ದಾರಿ ಮಾಡಿಕೊಡ್ತವೆ ಅಂತ. ಸಾಲಾಗಿ ನಿಂತಿರೋ ಕ್ರಮ ಯಾವುದೂ ಇಲ್ಲ, ಒಬ್ಬರಿಗೊಬ್ಬರು ಆಸರೆ.

ಕಿಣ್ವಪ್ರಿಯೆ:
ಅದಕ್ಕೆ 2019ರಲ್ಲಿ ಉತ್ತರ ಬಂತಲ್ಲ ಅನುಮಾನಾಸ್ಪದರೇ. ಹಾರ್ಮೋನ್ ಕೊಟ್ರೂ ಕೊಡದಿದ್ರೂ ಫಾಕ್ಸ್‌ಎ1 ಜಾಗ ಬಹುಪಾಲು ಬದಲಾಗಲ್ಲ, ಬದಲಾದಂಗೆ ಕಾಣೋ ಕೆಲವೇ ಕಡೆ ಇಆರ್ ಇರೋ ಸುರುಳಿಯ ನೆರಳು ಬಿದ್ದಿರುತ್ತೆ ಅಂತ ತೋರಿಸಿದ್ರು.

ಅನುಮಾನಾಸ್ಪದ:
ತೋರಿಸಿದ್ದು ಯಾರು? ಮೊದಲನೇ ವಾದ ಕಟ್ಟಿದ ಗುಂಪೇ. ತಮ್ಮ ವಾದ ತಾವೇ ಗೆಲ್ಲಿಸಿಕೊಂಡ್ರೆ ನಾನು ಚಪ್ಪಾಳೆ ಹೊಡೀಬೇಕಾ? ಡೇಟಾ ಚೆನ್ನಾಗಿದೆ, ಒಪ್ತೀನಿ. ಆದ್ರೆ ಕೆಲವು ಸೆಕೆಂಡ್ ಕೂತು ಎದ್ದು ಹೋಗೋ ಪ್ರೋಟೀನ್‌ಗಳನ್ನ ಫಾರ್ಮಾಲ್ಡಿಹೈಡ್ ಹಾಕಿ ಹಿಡಿದು "ಇಲ್ಲಿ ಕೂತಿತ್ತು" ಅನ್ನೋ ವಿಧಾನಕ್ಕೆ ಒಂದು ಮಿತಿ ಇದೆ. ಸರಾಸರಿ ಕಾಣುತ್ತೆ, ಯಾರು ಮೊದಲು ಬಂದ್ರು ಅನ್ನೋದು ಕಾಣಲ್ಲ.

ಕಿಣ್ವಪ್ರಿಯೆ:
ಆ ಮಿತಿ ನಿಮ್ಮ 2016ರ ಪಾರ್ಟಿಗೂ ಇತ್ತು, ಸ್ವಾಮಿ.

ಉತ್ತರದಗಾಳಿ:
ಜಗಳ ಆಮ್ಯಾಲ ಮಾಡ್ರಿ. ನಂದೊಂದು ಸಾದಾ ಪ್ರಶ್ನೆ ಐತಿ. ಟಾಮಾಕ್ಸಿಫೆನ್ ಸ್ತನದಾಗ ಎಸ್ಟ್ರೋಜನ್ನ ತಡೀತೈತಿ ಅಂತೀರಿ, ಅದ ಗುಳಗಿ ಗರ್ಭಕೋಶದಾಗ ಎಸ್ಟ್ರೋಜನ್ ಹಂಗ ಕೆಲಸಾ ಮಾಡತೈತಂತ. ರಿಸೆಪ್ಟರ್ ಒಂದ, ಗುಳಗಿ ಒಂದ, 12ನೇ ಹೆಲಿಕ್ಸೂ ಒಂದ. ಹಂಗಾದ್ರ ಕೆಲಸಾ ಎರಡು ಥರಾ ಯಾಕ್ರೀ?

ಕಿಣ್ವಪ್ರಿಯೆ:
ಒಳ್ಳೆ ಪ್ರಶ್ನೆ ಕೇಳಿದ್ರಿ. ಟಾಮಾಕ್ಸಿಫೆನ್ ಮುಚ್ಚೋದು ಹಿಂಭಾಗದ ತೋಡನ್ನ ಮಾತ್ರ. ಮುಂಭಾಗದ ಎಎಫ್-1 ಹಾಗೇ ಇರುತ್ತೆ, ಅದಕ್ಕೂ ಕೋಆಕ್ಟಿವೇಟರ್ ಅಂಟಬಹುದು. ಸ್ತನದ ಕೋಶದಲ್ಲಿ ಟಾಮಾಕ್ಸಿಫೆನ್ ಹಿಡಿದ ಇಆರ್ ಹತ್ತಿರ ಎನ್‌ಕೋರ್, ಸ್ಮರ್ಟ್ ಅನ್ನೋ ಕೋರಿಪ್ರೆಸರ್‌ಗಳು (ಜೀನ್ ಅದುಮೋ ಪ್ರೋಟೀನ್‌ಗಳು) ಸೇರ್ತವೆ, ಜೀನ್ ಸುಮ್ಮನಾಗುತ್ತೆ. ಗರ್ಭಕೋಶದ ಒಳಪದರದ ಕೋಶದಲ್ಲಿ ಎಸ್‌ಆರ್‌ಸಿ-1 ಪ್ರಮಾಣ ಹೆಚ್ಚು. ಅಲ್ಲಿ ಅದೇ ಇಆರ್ ಕೆಲವು ಜೀನ್‌ಗಳ ಮೇಲೆ ಕೋಆಕ್ಟಿವೇಟರನ್ನೇ ಕರೆತರುತ್ತೆ. 2002ರಲ್ಲಿ ಇದನ್ನ ತೋರಿಸಿದ್ರು, ಎಸ್‌ಆರ್‌ಸಿ-1 ಕಡಿಮೆ ಮಾಡಿದಾಗ ಟಾಮಾಕ್ಸಿಫೆನ್‌ನ ಎಸ್ಟ್ರೋಜನ್ ವೇಷ ಕಳಚಿತು. ಗುಳಿಗೆ ಒಂದೇ, ಕೋಶದೊಳಗೆ ಜೊತೆಗಿರೋರು ಬೇರೆ.

ಉತ್ತರದಗಾಳಿ:
ಈಗ ತಲಿಗೆ ಹತ್ತಿತು ನೋಡ್ರಿ.

ಹಳೇಪತ್ರಿಕೆ:
ಟಾಮಾಕ್ಸಿಫೆನ್ ಮಾತು ಬಂದಿದ್ದಕ್ಕೆ ಒಂದು ಹಳೇ ಕಥೆ. 1962ರಲ್ಲಿ ಡೋರಾ ರಿಚರ್ಡ್‌ಸನ್ ಅನ್ನೋ ರಸಾಯನತಜ್ಞೆ ಇದನ್ನ ತಯಾರಿಸಿದಾಗ ಹುಡುಕ್ತಿದ್ದದ್ದು ಗರ್ಭನಿರೋಧಕ. ಇಲಿಗಳಲ್ಲಿ ಕೆಲಸ ಮಾಡ್ತು, ಹೆಂಗಸರಲ್ಲಿ ಉಲ್ಟಾ ಅಂಡೋತ್ಪತ್ತಿ ಶುರು ಮಾಡಿಸ್ತು! ಮೂಲೆಗೆ ಬೀಳೋದಿತ್ತು, ಕ್ಯಾನ್ಸರಿಗೆ ತಿರುಗಿಸಿದ್ರು, 1977ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಇನ್ನೂ ಹಿಂದೆ ಹೋದ್ರೆ 1896ರಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ಅಂಡಾಶಯ ತೆಗೆದು ಸ್ತನದ ಗೆಡ್ಡೆ ಕರಗಿದ್ದನ್ನ ವರದಿ ಮಾಡಿದ್ರು. ಆಗ ಎಸ್ಟ್ರೋಜನ್ ಅನ್ನೋ ವಸ್ತುವೇ ಯಾರಿಗೂ ಗೊತ್ತಿರ್ಲಿಲ್ಲ. ರಿಸೆಪ್ಟರ್ ಇದೆ ಅಂತ ತೋರಿಸಿದ್ದು ಷಿಕಾಗೋದ ಎಲ್ವುಡ್ ಜೆನ್ಸನ್, 1950ರ ದಶಕದ ಕೊನೆಗೆ. ಎಸ್ಟ್ರಡಯೋಲ್‌ಗೆ ವಿಕಿರಣ ಸೂಸೋ ಟ್ರಿಟಿಯಂ ಹಚ್ಚಿ ಇಲಿಗೆ ಕೊಟ್ಟು ಅದು ಎಲ್ಲಿ ಉಳಿಯುತ್ತೆ ಅಂತ ನೋಡಿದ್ರು. ಬೇರೆ ಅಂಗಾಂಶದಲ್ಲಿ ಬಂದು ಹೋಯ್ತು, ಗರ್ಭಕೋಶದಲ್ಲಿ ಕೂತ್ಕೊಂಡ್ತು, ರಾಸಾಯನಿಕವಾಗಿ ಒಂದಿಷ್ಟೂ ಬದಲಾಗದೆ. ಅಲ್ಲಿವರೆಗೆ ಎಲ್ಲರೂ ಹಾರ್ಮೋನ್ ಯಾವುದೋ ಕಿಣ್ವದ ಕ್ರಿಯೆಯಲ್ಲಿ ಖರ್ಚಾಗುತ್ತೆ ಅಂದ್ಕೊಂಡಿದ್ರು.

ಅಮ್ಮನಮಗಳು:
ನಾನು ಕಾಮರ್ಸ್ ಓದಿದವಳು, ಇಲ್ಲಿ ಅರ್ಧ ಅರ್ಥ ಆಗ್ತಿಲ್ಲ. ಆದ್ರೂ ಕೇಳ್ತೀನಿ. ಅಮ್ಮನ ರಿಪೋರ್ಟಿನಲ್ಲಿ ಇಆರ್ 90%, ಪಿಆರ್ ನೆಗೆಟಿವ್ ಅಂತಿದೆ. ಲೆಟ್ರೊಜೋಲ್ ಶುರು ಮಾಡಿದ್ದಾರೆ. ಪಿಆರ್ ಇಲ್ಲ ಅಂದ್ರೆ ಮಾತ್ರೆ ಕೆಲಸ ಮಾಡಲ್ಲ ಅಂತ ಯಾರೋ ಹೇಳಿ ಹೆದರಿಸಿದ್ರು. ನಿಜಾನಾ?

ಸ್ಲೈಡ್‌ಸಖಿ:
ಅಕ್ಕ, ಹೆದರ್ಬೇಡಿ. ನಾನು ಪೆಥಾಲಜಿಯವಳು, ದಿನಾ ನೋಡೋದೇ ಇಂಥ ಸ್ಲೈಡು. 90% ಅಂದ್ರೆ ಗೆಡ್ಡೆಯ ನೂರು ಕೋಶ ಎಣಿಸಿದ್ರೆ ತೊಂಬತ್ತರ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗಿದೆ, ಅಂದ್ರೆ ಅಲ್ಲಿ ಇಆರ್ ಇದೆ. 1% ಇದ್ರೂ ಪಾಸಿಟಿವ್ ಅಂತ ಬರೀತೀವಿ, 1ರಿಂದ 10ರವರೆಗೆ ಇದ್ದದ್ದನ್ನ ಈಗ "ಕಡಿಮೆ ಪಾಸಿಟಿವ್" ಅಂತ ಬೇರೆಯಾಗಿ ನಮೂದಿಸ್ತೀವಿ. ಅಮ್ಮನದು ಗಟ್ಟಿ ಪಾಸಿಟಿವ್.

ಪಿಆರ್ ಅಂದ್ರೆ ಪ್ರೊಜೆಸ್ಟರಾನ್ ರಿಸೆಪ್ಟರ್. ಮೇಲೆ ಹುಡುಗ ಪಿಜಿಆರ್ ಏರಿದೆ ಅಂತ ಬರೆದಿದ್ದಾನಲ್ಲ, ಅದೇ ಜೀನಿನ ಪ್ರೋಟೀನು. ಎಸ್ಟ್ರೋಜನ್ ಏರಿಸೋ ಜೀನ್ ಆದ್ರಿಂದ, ಪಿಆರ್ ಇದ್ರೆ "ಇಆರ್ ಇಲ್ಲಿ ಕೆಲಸ ಮಾಡ್ತಿದೆ" ಅಂತ ಒಂದು ಸುಳಿವು. ಇಲ್ಲ ಅಂದ ಮಾತ್ರಕ್ಕೆ ಇಆರ್ ಸತ್ತಿದೆ ಅಂತಲ್ಲ. ಟಾಮಾಕ್ಸಿಫೆನ್ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ 2011ರಲ್ಲಿ ವಿಶ್ಲೇಷಣೆ ಬಂದಾಗ ಲಾಭ ನಿಂತಿದ್ದು ಇಆರ್ ಮೇಲೆ, ಪಿಆರ್ ಇದೆಯೋ ಇಲ್ಲವೋ ಅನ್ನೋದು ಅದನ್ನ ಹೆಚ್ಚೇನೂ ಬದಲಿಸ್ಲಿಲ್ಲ. ಪಿಆರ್ ಇಲ್ಲದ ಗೆಡ್ಡೆ ಸ್ವಲ್ಪ ಚುರುಕಾಗಿ ಬೆಳೆಯೋ ಸ್ವಭಾವದ್ದು ಇರಬಹುದು, ಅದನ್ನ ಡಾಕ್ಟರು ಕೆಐ-67 (ಎಷ್ಟು ಕೋಶ ವಿಭಜನೆ ಆಗ್ತಿವೆ ಅನ್ನೋ ಗುರುತು), ಗ್ರೇಡ್ ಎಲ್ಲ ನೋಡಿ ಲೆಕ್ಕಕ್ಕೆ ತಗೋತಾರೆ. ಅವರನ್ನೇ ನೇರವಾಗಿ ಕೇಳಿ. ಯಾರೋ ಹೇಳಿದ್ರು ಅಂತ ಮಾತ್ರೆ ನಿಲ್ಲಿಸ್ಬೇಡಿ.

ಅಮ್ಮನಮಗಳು:
ತುಂಬಾ ಥ್ಯಾಂಕ್ಸ್ ಮೇಡಂ. ಲೆಟ್ರೊಜೋಲ್ ಕೂಡ ರಿಸೆಪ್ಟರಿಗೇ ಅಂಟುತ್ತಾ?

ಸ್ಲೈಡ್‌ಸಖಿ:
ಇಲ್ಲ ಅಕ್ಕ. ಮುಟ್ಟು ನಿಂತ ಮೇಲೆ ಎಸ್ಟ್ರೋಜನ್ ಮುಖ್ಯವಾಗಿ ಕೊಬ್ಬಿನ ಅಂಗಾಂಶದಂಥ ಕಡೆ ಅರೊಮಟೇಸ್ ಕಿಣ್ವದಿಂದ ತಯಾರಾಗುತ್ತೆ. ಲೆಟ್ರೊಜೋಲ್ ಆ ಕಿಣ್ವವನ್ನೇ ನಿಲ್ಲಿಸುತ್ತೆ. ರಿಸೆಪ್ಟರ್ ಇದ್ದ ಹಾಗೇ ಇರುತ್ತೆ, ಹಾರ್ಮೋನ್ ಸಿಗಲ್ಲ.

ನಿಸರ್ಗನಂಬಿಗ:
ಇದಕ್ಕೇ ನಾನು ಹೇಳೋದು, ಎಸ್ಟ್ರೋಜನ್ ಅನ್ನೋದೇ ವಿಷ. ದೇಹದಿಂದ ಪೂರ್ತಿ ತೆಗೆದುಹಾಕಿದ್ರೆ ಕ್ಯಾನ್ಸರ್ ಅನ್ನೋದೇ ಇರಲ್ಲ.

ಸ್ಲೈಡ್‌ಸಖಿ:
ಮೂಳೆ, ರಕ್ತನಾಳ ಎಲ್ಲ ನಿಮ್ಮ ಹತ್ರ ಜಗಳಕ್ಕೆ ಬರ್ತವೆ. ಸ್ತನ ಕ್ಯಾನ್ಸರಿನಲ್ಲಿ ಇಆರ್ ಪಾಸಿಟಿವ್ ಸುಮಾರು ಮುಕ್ಕಾಲು ಪಾಲು, ಉಳಿದವಕ್ಕೆ ಎಸ್ಟ್ರೋಜನ್ ಇದ್ರೂ ಒಂದೇ ಇಲ್ಲದಿದ್ರೂ ಒಂದೇ.

ಹಳೇಪತ್ರಿಕೆ:
ಇನ್ನೊಂದು ಕೇಳಿ ನಂಬಿಗರೇ. ಟಾಮಾಕ್ಸಿಫೆನ್ ಬರೋ ಮೊದಲು, ಮುಟ್ಟು ನಿಂತವರ ಸ್ತನ ಕ್ಯಾನ್ಸರಿಗೆ ಹೆಚ್ಚಿನ ಪ್ರಮಾಣದ ಕೃತಕ ಎಸ್ಟ್ರೋಜನ್ನೇ ಔಷಧಿ. 1944ರಿಂದ ದಾಖಲೆ ಇದೆ, ಕೆಲವರಲ್ಲಿ ಗೆಡ್ಡೆ ಕರಗಿತ್ತು ಕೂಡ. ಬಹುಕಾಲ ಎಸ್ಟ್ರೋಜನ್ ಇಲ್ಲದೆ ಬದುಕಿ ರೂಢಿಯಾದ ಕೋಶಕ್ಕೆ ಒಮ್ಮೆಲೇ ಎಸ್ಟ್ರೋಜನ್ ಕೊಟ್ರೆ ಅದು ಸಾಯೋ ದಾರಿ ಹಿಡಿಯುತ್ತೆ. ವಿಷ, ಅಮೃತ ಅಂತ ಹಣೆಪಟ್ಟಿ ಹಚ್ಚೋಕೆ ಬರಲ್ಲ.

ಕಿಣ್ವಪ್ರಿಯೆ:
ಹಣೆಪಟ್ಟಿ ಬಗ್ಗೆ ಹೇಳೋದಾದ್ರೆ, ಆರೋಗ್ಯವಂತ ಸ್ತನದಲ್ಲಿ ಇಆರ್ ಇರೋ ಕೋಶ ಸಾಮಾನ್ಯವಾಗಿ ತಾನು ವಿಭಜನೆ ಆಗಲ್ಲ! ಎಸ್ಟ್ರೋಜನ್ ಸಿಕ್ಕಾಗ ಅದು ಆಂಫಿರೆಗ್ಯುಲಿನ್ ಥರದ ಸಂಕೇತ ಬಿಡುತ್ತೆ, ಬೆಳೆಯೋದು ಪಕ್ಕದ ಇಆರ್ ಇಲ್ಲದ ಕೋಶ. ಕ್ಯಾನ್ಸರಿನಲ್ಲಿ ಇಆರ್ ಇರೋ ಕೋಶವೇ ತಾನು ಬೆಳೆಯೋಕೆ ಶುರು ಮಾಡುತ್ತೆ. ವಿಭಜನೆಗೆ ತಳ್ಳೋ ಸೈಕ್ಲಿನ್ ಡಿ1, ಮಿಕ್ ಜೀನ್‌ಗಳನ್ನ ನೇರವಾಗಿ ಏರಿಸಿಕೊಂಡು. ಹಾರ್ಮೋನ್ ಬದಲಾಗಿಲ್ಲ, ಕೇಳಿಸಿಕೊಳ್ಳೋ ಕೋಶ ಬದಲಾಗಿದೆ. ನನ್ನನ್ನ ಕೇಳಿದ್ರೆ ಈ ವಿಷಯದಲ್ಲಿ ಅತಿ ಕುತೂಹಲದ ಭಾಗ ಇದೇ. ಅಲ್ಲಿಂದ ಇಲ್ಲಿಗೆ ತಿರುಗೋದು ಹೇಗೆ ಅಂತ ಯಾವ ಪಠ್ಯವೂ ನಿಂತು ಮಾತಾಡಲ್ಲ.

ಫ್ಲಾಸ್ಕ್‌ತೊಳೆಯುವವ:
ಎಲ್ಲ ಸರಿ ಮಾರಾಯ್ರೆ, ಯಾರೂ ಮುಖ್ಯ ಪ್ರಶ್ನೆ ಕೇಳ್ಳಿಲ್ಲ. ತಮ್ಮಾ ಮೂರನೇಬೆಂಚು, ನಿಮ್ಮ ಸೀನಿಯರ್ ಕಂಟ್ರೋಲ್ ಕೋಶಗಳನ್ನ, ಅಂದ್ರೆ ಹಾರ್ಮೋನ್ ಹಾಕದವನ್ನ, ಯಾವ ಮೀಡಿಯಂನಲ್ಲಿ (ಕೋಶ ಬೆಳೆಸೋ ದ್ರವ) ಬೆಳೆಸಿದ್ದು? ಕೆಂಪೋ, ಬಣ್ಣ ಇಲ್ಲದ್ದೋ?

ಮೂರನೇಬೆಂಚು:
ಬಣ್ಣಕ್ಕೂ ಇದಕ್ಕೂ ಏನು ಸಂಬಂಧ ಸಾರ್?

ಫ್ಲಾಸ್ಕ್‌ತೊಳೆಯುವವ:
ಸಂಬಂಧ ಉಂಟು. ಮೀಡಿಯಂ ಆಮ್ಲೀಯ ಆದ್ರೆ ಹಳದಿ, ಕ್ಷಾರ ಆದ್ರೆ ನೇರಳೆ ಗುಲಾಬಿ ಆಗ್ಲಿ ಅಂತ ಫೀನಾಲ್ ರೆಡ್ ಹಾಕ್ತಾರೆ. ಫ್ಲಾಸ್ಕ್ ಎತ್ತಿ ಬೆಳಕಿಗೆ ಹಿಡಿದ್ರೆ ಕೋಶಗಳು ಹೇಗಿವೆ ಅಂತ ಗೊತ್ತಾಗ್ತದೆ. ಆದ್ರೆ ಆ ಬಣ್ಣದ ಪುಡಿಯೇ ಎಸ್ಟ್ರೋಜನ್ ಹಾಗೆ ಕೆಲಸ ಮಾಡ್ತದೆ ಅಂತ 1986ರಲ್ಲಿ ಗೊತ್ತಾಯ್ತು. ಅಲ್ಲಿವರೆಗೆ "ಎಂಸಿಎಫ್-7ಗೆ ಎಸ್ಟ್ರೋಜನ್ ಕೊಟ್ರೂ ಏನೂ ಆಗಲ್ಲ" ಅಂತ ಕೆಲವು ಲ್ಯಾಬಿನವ್ರು ತಲೆ ಕೆರ್ಕೊಳ್ತಿದ್ರು. ಆಗೋದು ಹೇಗೆ, ಕಂಟ್ರೋಲ್ ತಟ್ಟೆಯಲ್ಲೇ ಬೇಕಾದಷ್ಟು ಉಂಟಲ್ಲ!

ಸೀರಂ ಕಥೆ ಇನ್ನೊಂದು. ಕರುವಿನ ಸೀರಂನಲ್ಲೇ ಹಾರ್ಮೋನ್ ಇರ್ತದೆ. ಇದ್ದಿಲು-ಡೆಕ್ಸ್‌ಟ್ರಾನ್ ಹಾಕಿ ಸೋಸಿ ತೆಗೆದ ಸೀರಂ ಬೇಕು, ಅದರಲ್ಲಿ ಕೋಶಗಳನ್ನ ಎರಡು ಮೂರು ದಿನ ಉಪವಾಸ ಇಡ್ಬೇಕು. ಆಮೇಲೆ ಎಸ್ಟ್ರಡಯೋಲ್.

ಅನುಮಾನಾಸ್ಪದ:
ಪ್ಲಾಸ್ಟಿಕ್ಕನ್ನೂ ಸೇರಿಸಿ. 1991ರಲ್ಲಿ ಒಂದು ಲ್ಯಾಬಿನಲ್ಲಿ ಹಾರ್ಮೋನ್ ಹಾಕದೆ ಇದ್ರೂ ಎಂಸಿಎಫ್-7 ಬೆಳೀತಿತ್ತು. ಹುಡುಕಿ ಹುಡುಕಿ ನೋಡಿದ್ರೆ ಪಾಲಿಸ್ಟೈರೀನ್ ಟ್ಯೂಬಿನಿಂದ ನೋನೈಲ್‌ಫೀನಾಲ್ ಸೋರ್ತಿತ್ತು. ಈ ಕೋಶಸಾಲಿನಷ್ಟು ಸೂಕ್ಷ್ಮ ಮೂಗು ಯಾವ ಯಂತ್ರಕ್ಕೂ ಇಲ್ಲ.

ಮೂರನೇಬೆಂಚು:
ಸೀನಿಯರ್ ಹತ್ರ ಕೇಳ್ದೆ. ಫೀನಾಲ್ ರೆಡ್ ಇಲ್ಲದ ಮೀಡಿಯಂ, ಸೋಸಿದ ಸೀರಂ, ಮೂರು ದಿನ. ಕಂಟ್ರೋಲಿಗೆ ಎಥನಾಲ್ ಮಾತ್ರ.

ಫ್ಲಾಸ್ಕ್‌ತೊಳೆಯುವವ:
ಹಾಗಾದ್ರೆ ಸೀನಿಯರ್‌ಗೆ ಒಂದು ನಮಸ್ಕಾರ ಹೇಳಿ.

ಅನುಮಾನಾಸ್ಪದ:
ಮೀಡಿಯಂ ಸರಿ, ಆದ್ರೆ 24 ಗಂಟೆ ಅನ್ನೋದು ನನಗೆ ಸರಿ ಕಾಣಲ್ಲ. ಅಷ್ಟು ಹೊತ್ತಿಗೆ ಇಆರ್ ಮಾಡಿದ್ದು ಯಾವುದು, ಇಆರ್ ಏರಿಸಿದ ಮಿಕ್ ಮಾಡಿದ್ದು ಯಾವುದು, ಕೋಶ ವಿಭಜನೆಯ ಹಂತ ದಾಟಿದ್ದರಿಂದ ಆಗಿದ್ದು ಯಾವುದು, ಎಲ್ಲ ಕಲಸುಮೇಲೋಗರ. 2011ರಲ್ಲಿ ಜಿಆರ್‌ಒ-ಸೀಕ್ ಅನ್ನೋ ವಿಧಾನದಲ್ಲಿ ಆ ಕ್ಷಣಕ್ಕೆ ತಯಾರಾಗ್ತಿರೋ ಆರ್‌ಎನ್‌ಎ ಮಾತ್ರ ಅಳೆದ್ರು, 10, 40, 160 ನಿಮಿಷಕ್ಕೆ. ಹತ್ತು ನಿಮಿಷಕ್ಕೇ ಬದಲಾವಣೆ ಶುರು. ಕೆಲವು ಏರಿ 160ರ ಹೊತ್ತಿಗೆ ಮತ್ತೆ ಕೆಳಗೆ. ನೀನು 24 ಗಂಟೆಗೆ ಹೋಗಿ ನೋಡಿದ್ರೆ ಅವು "ಬದಲಾಗಿಲ್ಲ" ಅನ್ನೋ ಪಟ್ಟಿಗೆ ಬೀಳ್ತವೆ.

ದತ್ತಾಂಶದಾಸ:
ಹೌದು. ಆದ್ರೆ ಇಳಿಯೋದೆಲ್ಲ ತಡವಾಗಿ ಆಗೋ ಪರೋಕ್ಷ ಪರಿಣಾಮ ಅಂತ ತಳ್ಳಿಹಾಕ್ಬೇಡಿ. ಅದೇ ಜಿಆರ್‌ಒ-ಸೀಕ್‌ನಲ್ಲಿ ಮೊದಲ ಗಂಟೆಯಲ್ಲೇ ಇಳಿದ ಜೀನ್‌ಗಳೂ ಬೇಕಾದಷ್ಟಿವೆ.

ಅನುಮಾನಾಸ್ಪದ:
ಇಳಿಸೋ ಜಾಗಗಳಲ್ಲಿ ಇಆರ್ ಕೂತಿದ್ಯಾ? ಏರಿದ ಜೀನ್‌ಗಳ ಸುತ್ತ ಇಆರ್ ಗುಂಪುಗುಂಪಾಗಿ ಸಿಗುತ್ತೆ, ಇಳಿದವುಗಳ ಸುತ್ತ ಅಷ್ಟಿಲ್ಲ. ಹಾಗಾದ್ರೆ "ಇಆರ್ ಇಳಿಸ್ತು" ಅನ್ನೋದು ಯಾವ ಅರ್ಥದಲ್ಲಿ?

ಕಿಣ್ವಪ್ರಿಯೆ:
ಇಲ್ಲಿಗೇ ಬರಬೇಕಿತ್ತು ಚರ್ಚೆ. ದಾರಿ ಒಂದಲ್ಲ.

ಮೊದಲನೆಯದು ಪೈಪೋಟಿ. ಪಿ300, ಎಸ್‌ಆರ್‌ಸಿ ಇವೆಲ್ಲ ಕೋಶದಲ್ಲಿ ಮಿತವಾಗಿರೋ ಪ್ರೋಟೀನ್‌ಗಳು. ಎಸ್ಟ್ರಡಯೋಲ್ ಬಂದಾಗ ಸಾವಿರಾರು ಜಾಗದಲ್ಲಿ ಇಆರ್ ಕೂತು ಅವನ್ನ ಎಳೆದುಕೊಳ್ಳುತ್ತೆ. ಬೇರೆ ಎನ್‌ಹಾನ್ಸರ್‌ಗಳಲ್ಲಿ ಬೇರೆ ಅಂಶಗಳ ಜೊತೆ ಕೆಲಸ ಮಾಡ್ತಿದ್ದವು ಖಾಲಿಯಾಗ್ತವೆ, ಅಲ್ಲಿನ ಜೀನ್ ಇಳಿಯುತ್ತೆ. ಆ ಜೀನಿನ ಪಕ್ಕ ಇಆರ್ ಕೂರೋ ಅಗತ್ಯವೇ ಇಲ್ಲ. ನಿಮ್ಮ ಪ್ರಶ್ನೆಗೆ ಇದು ಒಂದು ಉತ್ತರ.

ಎರಡನೇದು ಸ್ವಂತ ಕೋರಿಪ್ರೆಸರ್. ಎಸ್ಟ್ರೋಜನ್ ಬೇಗ ಏರಿಸೋ ಜೀನ್‌ಗಳಲ್ಲಿ ಎನ್‌ಆರ್‌ಐಪಿ1 ಒಂದು, ಅದರ ಪ್ರೋಟೀನು ಆರ್‌ಐಪಿ140. ಅದು ಸಿಟಿಬಿಪಿ ಅನ್ನೋ ಇನ್ನೊಂದು ಪ್ರೋಟೀನ್ ಜೊತೆ ಸೇರಿ ಇತರ ಜೀನ್‌ಗಳನ್ನ ಅದುಮುತ್ತೆ. ಅಂದ್ರೆ ಏರಿಸಿದ್ದೇ ಇಳಿಸೋದಕ್ಕೆ ಸಾಧನ.

ನೇರವಾಗಿ ಇಳಿಸೋ ಉದಾಹರಣೆಯೂ ಉಂಟು: ಇಆರ್‌ಬಿಬಿ2, ಅಂದ್ರೆ ಕೋಶ ಬೆಳೆಸೋ ಹರ್2 ಜೀನ್. ಇಆರ್ ಅದರ ಒಳಗೇ ಕೂತು ಅದುಮುತ್ತೆ. ಟಾಮಾಕ್ಸಿಫೆನ್ ಹಿಡಿದ ಇಆರ್ ಕೂಡ ಪ್ಯಾಕ್ಸ್2 ಅನ್ನೋ ಪ್ರೋಟೀನಿನ ಸಹಾಯದಿಂದ ಅದೇ ಮಾಡುತ್ತೆ ಅಂತ 2008ರಲ್ಲಿ ಬಂತು. ಅಲ್ಲಿ ಪ್ಯಾಕ್ಸ್2 ಜಾಗವನ್ನ ಎಸ್‌ಆರ್‌ಸಿ-3 ಕಿತ್ಕೊಂಡ್ರೆ ಹರ್2 ಏರುತ್ತೆ, ಟಾಮಾಕ್ಸಿಫೆನ್ ಸೋಲೋ ಒಂದು ದಾರಿ ಅದು.

ಇಷ್ಟೇ ಅಲ್ಲ, ಎಸ್ಟ್ರಡಯೋಲ್ ತನ್ನ ರಿಸೆಪ್ಟರನ್ನೂ ಬಿಡಲ್ಲ. ಎಂಸಿಎಫ್-7ನಲ್ಲಿ ಇಎಸ್‌ಆರ್1 (ಇಆರ್‌ನ ಜೀನ್) ಆರ್‌ಎನ್‌ಎ ಇಳಿಯುತ್ತೆ, ಪ್ರೋಟೀನ್ ಪ್ರೋಟಿಯಸೋಮ್‌ನಲ್ಲಿ (ಕೋಶದ ಪ್ರೋಟೀನ್ ಒಡೆಯೋ ಯಂತ್ರ) ಕರಗುತ್ತೆ.

ಜಿಪಿಇಆರ್_ಭಕ್ತ:
ಎಲ್ರೂ ನ್ಯೂಕ್ಲಿಯಸ್ ಹಿಡ್ಕೊಂಡೇ ಕೂತಿದ್ದೀರಾ. ಕೋಶಪೊರೆಯಲ್ಲಿ ಇರೋ ಇನ್ನೊಂದು ಎಸ್ಟ್ರೋಜನ್ ರಿಸೆಪ್ಟರ್, ಜಿಪಿಇಆರ್ ಕಥೆ ಏನು? ಎಸ್ಟ್ರೋಜನ್ ಕ್ಷಣದಲ್ಲಿ ಪಿಐ3 ಕೈನೇಸ್, ಮ್ಯಾಪ್ ಕೈನೇಸ್ ಅನ್ನೋ ಸಂಕೇತ ಸಾಗಿಸೋ ಕಿಣ್ವಗಳನ್ನ ಎಬ್ಬಿಸುತ್ತೆ.

ಕಿಣ್ವಪ್ರಿಯೆ:
ಎಬ್ಬಿಸುತ್ತೆ, ಮ್ಯಾಪ್ ಕೈನೇಸ್ ಮತ್ತೆ ಇಆರ್‌ನ 118ನೇ ಸೆರೀನ್‌ಗೇ ಫಾಸ್ಫೇಟ್ ಹಚ್ಚಿ ಎಎಫ್-1 ಅನ್ನ ಚುರುಕು ಮಾಡುತ್ತೆ. ಎರಡು ದಾರಿ ಒಂದೇ ಕಡೆ ಸೇರ್ತವೆ. ಆದ್ರೆ ಎಂಸಿಎಫ್-7ಗೆ ಫುಲ್ವೆಸ್ಟ್ರಾಂಟ್ ಕೊಟ್ಟು ಇಆರ್ ಆಲ್ಫಾವನ್ನ ನಾಶ ಮಾಡಿದ್ರೆ ಎಸ್ಟ್ರೋಜನ್ ಸ್ಪಂದನೆ ಬಹುಪಾಲು ಮಾಯ. ಫುಲ್ವೆಸ್ಟ್ರಾಂಟ್ ಜಿಪಿಇಆರ್ ಅನ್ನ ತಡೆಯೋದಿಲ್ಲ, ಉಲ್ಟಾ ಎಬ್ಬಿಸುತ್ತೆ. ಅದ್ರಿಂದ ಈ ಹುಡುಗನ ಪಟ್ಟಿಗೆ ನಿಮ್ಮ ದೇವರು ಕಾರಣ ಅಲ್ಲ.

ಹರಟೆಮಲ್ಲ:
ಭಕ್ತರು ಮುನಿಸಿಕೊಂಡ್ರು ಅನ್ಸುತ್ತೆ.

ಸ್ಲೈಡ್‌ಸಖಿ:
ಇಷ್ಟೆಲ್ಲ ಒಂದೇ ಕೋಶಸಾಲಿನ ಮೇಲೆ ಕಟ್ಟಿರೋದು ನನಗೆ ಯಾವಾಗ್ಲೂ ಕಿರಿಕಿರಿ. ಎಂಸಿಎಫ್-7 ಬಂದಿದ್ದು ಒಬ್ಬ ಸನ್ಯಾಸಿನಿಯ ಎದೆಗೂಡಿನಲ್ಲಿ ತುಂಬಿದ್ದ ನೀರಿನಿಂದ, 1973ರಲ್ಲಿ ಪ್ರಕಟ ಆಯ್ತು. ಒಬ್ಬರ, ಅದೂ ಹರಡಿದ ಮೇಲಿನ ಕಾಯಿಲೆ. ನನ್ನ ಸೂಕ್ಷ್ಮದರ್ಶಕದಲ್ಲಿ ಎರಡು ಇಆರ್ ಪಾಸಿಟಿವ್ ಗೆಡ್ಡೆ ಒಂದೇ ಥರ ಕಾಣಲ್ಲ.

ಕಿಣ್ವಪ್ರಿಯೆ:
ಆ ದೂರಿಗೆ ಸ್ವಲ್ಪ ಸಮಾಧಾನ ಉಂಟು. 2012ರಲ್ಲಿ ರೋಗಿಗಳ ಗೆಡ್ಡೆಯಲ್ಲೇ ನೇರವಾಗಿ ಇಆರ್ ಕೂತ ಜಾಗ ಗುರುತಿಸಿದ್ರು. ಕೆಟ್ಟ ಫಲಿತಾಂಶ ಆದವರ ಗೆಡ್ಡೆಯಲ್ಲೂ ಇಆರ್ ಡಿಎನ್‌ಎ ಬಿಟ್ಟು ಹೋಗಿರ್ಲಿಲ್ಲ, ಬೇರೆ ಜಾಗಕ್ಕೆ ಹೋಗಿ ಕೂತಿತ್ತು, ಅಲ್ಲೂ ಫಾಕ್ಸ್‌ಎ1 ಜೊತೆ. 2015ರಲ್ಲಿ ಇನ್ನೊಂದು: ಪ್ರೊಜೆಸ್ಟರಾನ್ ಕೊಟ್ರೆ ಪಿಆರ್ ಹೋಗಿ ಇಆರ್ ಜೊತೆ ಸೇರಿ ಅದು ಕೂರೋ ಜಾಗವನ್ನೇ ಬದಲಿಸುತ್ತೆ, ಬೆಳವಣಿಗೆ ಕಡಿಮೆಯಾಗುತ್ತೆ.

ಅಮ್ಮನಮಗಳು:
ಒಂದು ಕೊನೇ ಪ್ರಶ್ನೆ. ಲೆಟ್ರೊಜೋಲ್ ತಗೊಂಡ್ರೂ ಕೆಲವರಿಗೆ ಮರಳಿ ಬರುತ್ತೆ ಅಂತಾರಲ್ಲ, ಎಸ್ಟ್ರೋಜನ್ ಇಲ್ಲದೆ ಹೇಗೆ?

ಸ್ಲೈಡ್‌ಸಖಿ:
ಹರಡಿದ ಕಾಯಿಲೆಗೆ ಬಹುಕಾಲ ಆ ಮಾತ್ರೆ ತಗೊಂಡವರಲ್ಲಿ ಕೆಲವರ ಗೆಡ್ಡೆಯಲ್ಲಿ ಇಎಸ್‌ಆರ್1 ಜೀನೇ ಬದಲಾಗುತ್ತೆ. 537 ಅಥವಾ 538ನೇ ಅಮೈನೋ ಆಮ್ಲ. ಅದು 12ನೇ ಹೆಲಿಕ್ಸ್ ಹತ್ತಿರದ ಜಾಗ, ಕಿಣ್ವಪ್ರಿಯೆ ಮೇಲೆ ವಿವರಿಸಿದ್ದು. ಬದಲಾದಾಗ ಹಾರ್ಮೋನ್ ಇಲ್ಲದೆಯೂ ಹೆಲಿಕ್ಸ್ ಮುಚ್ಚಿದ ಸ್ಥಿತಿಯಲ್ಲೇ ನಿಲ್ಲುತ್ತೆ. 2013ರಲ್ಲಿ ಇದು ಎಷ್ಟು ಸಾಮಾನ್ಯ ಅಂತ ಗೊತ್ತಾಯ್ತು. ರಿಸೆಪ್ಟರನ್ನೇ ಕರಗಿಸೋ ಮಾತ್ರೆ ಎಲಾಸೆಸ್ಟ್ರಾಂಟ್‌ಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಇಂಥವರಿಗಾಗೇ. ಈಗ್ಲೇ ಅಮ್ಮನಿಗೆ ಇದನ್ನೆಲ್ಲ ಹಚ್ಚಿಕೊಂಡು ಕೂರ್ಬೇಡಿ ಅಕ್ಕ, ಮಾತ್ರೆ ತಪ್ಪಿಸದೆ ಕೊಡಿ, ಮೂಳೆ ಸಾಂದ್ರತೆ ಪರೀಕ್ಷೆ ಯಾವಾಗ ಅಂತ ಡಾಕ್ಟರನ್ನ ಕೇಳಿ.

ದತ್ತಾಂಶದಾಸ:
ಮೂರನೇಬೆಂಚು, ಇನ್ನೊಂದು ಸಂಗತಿ ಯಾರೂ ಎತ್ತಿಲ್ಲ. ಎಸ್ಟ್ರೋಜನ್ ಮಿಕ್ ಏರಿಸುತ್ತೆ, ಕೋಶ ದೊಡ್ಡದಾಗುತ್ತೆ, ಒಂದು ಕೋಶದಲ್ಲಿರೋ ಒಟ್ಟು ಆರ್‌ಎನ್‌ಎಯೇ ಹೆಚ್ಚಾಗಬಹುದು. ಸೀಕ್ವೆನ್ಸಿಂಗ್ ಮಾಡುವಾಗ ಎರಡೂ ಸ್ಯಾಂಪಲ್ಲಿನಿಂದ ಸಮ ತೂಕದ ಆರ್‌ಎನ್‌ಎ ತಗೋತೀವಿ, ಆಮೇಲೆ ಒಟ್ಟು ರೀಡ್‌ಗಳಿಗೆ (ಯಂತ್ರ ಓದಿದ ಆರ್‌ಎನ್‌ಎ ತುಣುಕುಗಳು) ಹೊಂದಿಸಿ ನಾರ್ಮಲೈಸ್ ಮಾಡ್ತೀವಿ. ಹಾಗಾದಾಗ ಏನೂ ಬದಲಾಗದ ಜೀನ್ ಕೂಡ ಸ್ವಲ್ಪ ಇಳಿದ ಹಾಗೆ ಕಾಣುತ್ತೆ. ಸ್ಪೈಕ್-ಇನ್ (ಅಳತೆ ಹೋಲಿಸೋಕೆ ಗೊತ್ತಿರೋ ಪ್ರಮಾಣದಲ್ಲಿ ಸೇರಿಸೋ ಹೊರಗಿನ ಆರ್‌ಎನ್‌ಎ) ಹಾಕಿದ್ರಾ?

ಮೂರನೇಬೆಂಚು:
ಇಲ್ಲ ಸಾರ್. ಹಾಗಾದ್ರೆ ನನ್ನ ಇಳಿದ ಪಟ್ಟಿ ಪೂರ್ತಿ ಸುಳ್ಳಾ?

ದತ್ತಾಂಶದಾಸ:
ಪೂರ್ತಿ ಅಲ್ಲ. ಕಾಲು ಭಾಗ ಇಳಿದಿರೋದು ಅನುಮಾನದ್ದು, ಅರ್ಧಕ್ಕಿಂತ ಕೆಳಗೆ ಬಿದ್ದಿರೋದು ಬಹುಶಃ ನಿಜ. ಮಿತಿ ಬಿಗಿ ಮಾಡಿ ಮತ್ತೆ ಎಣಿಸು. ಆಮೇಲೆ ಕೆಲವು ಜೀನ್ ಆರಿಸಿ, ಕೋಶ ಎಣಿಸಿಕೊಂಡು ತೆಗೆದ ಆರ್‌ಎನ್‌ಎಯಲ್ಲಿ ಕ್ಯೂಪಿಸಿಆರ್ (ಒಂದೊಂದೇ ಜೀನ್ ಅಳೆಯೋ ಪರೀಕ್ಷೆ) ಮಾಡಿ ನೋಡು.

ಅನುಮಾನಾಸ್ಪದ:
ನೇರವೋ ಪರೋಕ್ಷವೋ ಗೊತ್ತಾಗ್ಬೇಕಾದ್ರೆ ಸೈಕ್ಲೋಹೆಕ್ಸಿಮೈಡ್ ಹಾಕಿ ಹೊಸ ಪ್ರೋಟೀನ್ ತಯಾರಾಗೋದು ನಿಲ್ಲಿಸಿ, ಆಮೇಲೆ ಎಸ್ಟ್ರಡಯೋಲ್ ಕೊಡಿ. ಆಗ್ಲೂ ಇಳಿದ್ರೆ ನೇರ.

ಫ್ಲಾಸ್ಕ್‌ತೊಳೆಯುವವ:
24 ಗಂಟೆ ಸೈಕ್ಲೋಹೆಕ್ಸಿಮೈಡ್ ಹಾಕಿದ್ರೆ ಕೋಶಗಳೇ ಉಳಿಯೋದಿಲ್ಲ ಮಾರಾಯ್ರೆ. ಎರಡು, ಹೆಚ್ಚಂದ್ರೆ ನಾಲ್ಕು ಗಂಟೆ. ಅದೂ ಮಿಕ್ ಥರದ ಬೇಗ ಕರಗೋ ಆರ್‌ಎನ್‌ಎಗಳು ಅದು ಹಾಕಿದ ಮಾತ್ರಕ್ಕೇ ಏರ್ತವೆ, ಸೈಕ್ಲೋಹೆಕ್ಸಿಮೈಡ್ ಮಾತ್ರ ಹಾಕಿದ ತಟ್ಟೆ ಬೇರೆ ಇಡ್ಲೇಬೇಕು.

ಮೂರನೇಬೆಂಚು:
ಮಿತಿ ಬಿಗಿ ಮಾಡಿ ನೋಡ್ದೆ. ಇಳಿದವು ಕಡಿಮೆಯಾದ್ವು, ಆದ್ರೂ ಏರಿದವಕ್ಕಿಂತ ಜಾಸ್ತಿಯೇ ಇವೆ. ಇಆರ್‌ಬಿಬಿ2 ಇಳಿದಿದೆ, ಇಎಸ್‌ಆರ್1 ಇಳಿದಿದೆ, ಎನ್‌ಆರ್‌ಐಪಿ1 ಏರಿದೆ. ಸೀನಿಯರ್ ಹತ್ರ ಅದೇ ಪ್ರಯೋಗದ 4 ಗಂಟೆಯ ಆರ್‌ಎನ್‌ಎ ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿ ಇದೆಯಂತೆ.

ಅನುಮಾನಾಸ್ಪದ:
ಇದ್ದದ್ದನ್ನ ಇಷ್ಟು ಹೊತ್ತು ಹೇಳ್ಲೇ ಇಲ್ವಲ್ಲಪ್ಪ! ಮೊದಲು ಅದರ ಆರ್‌ಐಎನ್ (ಆರ್‌ಎನ್‌ಎ ಕೆಡದೆ ಉಳಿದಿದ್ಯಾ ಅಂತ ಹೇಳೋ ಅಂಕ) ನೋಡು, 8ಕ್ಕಿಂತ ಮೇಲಿದ್ರೆ ಸ್ಪೈಕ್-ಇನ್ ಹಾಕಿಸಿ ಕಳಿಸು.

ದತ್ತಾಂಶದಾಸ:
ಆರ್‌ಎನ್‌ಎ ತೆಗೆದ ಮೇಲೆ ಸ್ಪೈಕ್-ಇನ್ ಹಾಕಿ ಏನು ಪ್ರಯೋಜನ? ಕೋಶದ ಲೆಕ್ಕಕ್ಕೆ ಹೊಂದಿಸ್ಬೇಕಾದ್ರೆ ಕೋಶ ಒಡೆಯುವಾಗ್ಲೇ ಹಾಕಿರ್ಬೇಕು. 4 ಗಂಟೆಗೆ ಒಟ್ಟು ಆರ್‌ಎನ್‌ಎ ಅಷ್ಟೇನೂ ಬದಲಾಗಿರಲ್ಲ, ಹಾಗೇ ಕಳಿಸು.